ಹುಟ್ಟುಹಬ್ಬದ ಊಟಕ್ಕೆ ಯಾರನ್ನು ಕರೆದಿರಿ?



ಪವಿತ್ರ ಬೈಬಲ್ಲಿನಲ್ಲಿ ಹುಟ್ಟುಹಬ್ಬದ ಔತಣದ ಕಥೆಯನ್ನು ಬಿಡಿಸಿ ಹೇಳಿರುವುದು ಎಷ್ಟು ಕಡೆ ಎಂದು ಬಲ್ಲಿರಾ? ಎರಡೇ ಕಡೆ. ಎರಡೂ ಕಡೆ ಒಬ್ಬರ ಪ್ರಾಣ ಹೋಗುತ್ತದೆ. ಆದಿಕಾಂಡದ 40ನೇ ಅಧ್ಯಾಯದಲ್ಲಿ ಫರೋಹನ ಹುಟ್ಟುಹಬ್ಬ ಬರುತ್ತದೆ. ಅಂದು ಅವನು ಪಾನಸೇವಕನಿಗೆ ಹಳೆಯ ಕೆಲಸವನ್ನು ಹಿಂದಕ್ಕೆ ಕೊಟ್ಟು, ರೊಟ್ಟಿ ಸುಡುವವನನ್ನು ಗಲ್ಲಿಗೆ ಹಾಕಿಸಿದ. ಮಾರ್ಕನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಹೆರೋದನ ಹುಟ್ಟುಹಬ್ಬ. ಅಲ್ಲಿ ಸ್ನಾನಿಕ ಯೊವಾನ್ನರ ತಲೆ ತಟ್ಟೆಯಲ್ಲಿ ಬಂತು. (ಮಕ್ಕಬಿಯರ ಎರಡನೆಯ ಗ್ರಂಥದಲ್ಲಿಯೂ ಅರಸನ ಹುಟ್ಟಿದ ದಿನದ ಪ್ರಸ್ತಾಪವಿದೆ. ಯೆಹೂದ್ಯರನ್ನು ಬಲವಂತವಾಗಿ ಬಲಿಯ ಊಟಕ್ಕೆ ಎಳೆದೊಯ್ದ ದಿನವದು. ಅದೂ ಒಳ್ಳೆಯ ನೆನಪಲ್ಲ.)

ಹಾಗಾದರೆ ಹುಟ್ಟುಹಬ್ಬವೇ ಕೆಟ್ಟದ್ದೇ? ಹಾಗೆಂದು ಹೇಳಿದ ಪ್ರಾಚೀನ ಕ್ರೈಸ್ತ ಪಂಡಿತರೂ ಇದ್ದರು. ಮೂರನೆಯ ಶತಮಾನದ ಒರಿಜೆನ್ ಅವರಲ್ಲೊಬ್ಬರು. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ ಮಾರ್ಕ ಹೇಳುವುದನ್ನು ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ. ಔತಣಕ್ಕೆ ಬಂದವರು ಯಾರು ಯಾರು ಎಂಬುದನ್ನೂ ಅವರು ತಿಳಿಸುತ್ತಾರೆ: ಆಸ್ಥಾನದ ಅಧಿಕಾರಿಗಳು, ಸೇನಾಪತಿಗಳು, ಗಲಿಲೇಯದ ಗಣ್ಯರು. ಅವರ ನಡುವೆ ಒಬ್ಬ ಹಳೆಯ ಗೆಳೆಯನಿದ್ದ ಸುದ್ದಿಯಿಲ್ಲ. ಯೊವಾನ್ನರನ್ನು ಕೊಲ್ಲಲು ಹೆರೋದನಿಗೆ ಇಷ್ಟವಿರಲಿಲ್ಲ, ದುಃಖವೂ ಆಯಿತು. ಆದರೆ ಇಟ್ಟ ಆಣೆಯಿಂದ, ಅತಿಥಿಗಳೆದುರು ಮುಖ ಹೋಗುತ್ತದೆಂಬ ಅಂಜಿಕೆಯಿಂದ ಅವನು ಒಪ್ಪಿಕೊಂಡ. 'ಏನು ಮಾಡ್ತಿದ್ದೀಯಪ್ಪಾ, ಬೇಡ ಬಿಡು' ಎಂದು ಕೈ ಹಿಡಿದು ಹೇಳಬಲ್ಲ ಒಬ್ಬನೇ ಒಬ್ಬ ಆ ಪಂಕ್ತಿಯಲ್ಲಿದ್ದಿದ್ದರೆ?

ಈಗ ಸತ್ತ ಆ ಯೊವಾನ್ನರ ಹುಟ್ಟನ್ನು ನೆನೆಯಿರಿ. ಲೂಕನ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ, ಮುಪ್ಪಿನ ಎಲಿಜಬೇತಳಿಗೆ ಮಗು ಹುಟ್ಟಿದಾಗ ನೆರೆಹೊರೆಯವರೂ ಬಂಧುಬಳಗದವರೂ ಬಂದು ಅವಳೊಡನೆ ಸಂತೋಷಪಟ್ಟರು. ಆಕೆಯ ಬಂಜೆತನದ ವರ್ಷಗಳನ್ನು ಕಣ್ಣಾರೆ ಕಂಡವರು ಅವರು. ಅದಕ್ಕೇ ಅವರ ಸಂತೋಷಕ್ಕೆ ಅಷ್ಟು ಬೆಲೆ. ಧರ್ಮಸಭೆ ಸಂತರನ್ನು ಸಾಮಾನ್ಯವಾಗಿ ಅವರು ಮಡಿದ ದಿನವೇ ಸ್ಮರಿಸುತ್ತದೆ, ಅದನ್ನೇ ಸ್ವರ್ಗದ ಹುಟ್ಟುಹಬ್ಬ ಎನ್ನುತ್ತದೆ. ಭೂಮಿಯ ಮೇಲಿನ ಹುಟ್ಟನ್ನು ಪೂಜಾವಿಧಿಯಲ್ಲಿ ಕೊಂಡಾಡುವುದು ಮೂವರದನ್ನು ಮಾತ್ರ: ಡಿಸೆಂಬರ್ 25ರಂದು ಪ್ರಭುಕ್ರಿಸ್ತರದು, ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರದು, ಜೂನ್ 24ರಂದು ಇದೇ ಯೊವಾನ್ನರದು. ಹೆರೋದನ ಹುಟ್ಟಿದ ದಿನ ಯಾವುದೆಂದು ಇಂದು ಯಾರಿಗೆ ಬೇಕು?

ನಮ್ಮ ನೆಲಮಂಗಲದ ಕಡೆ ಈಗ ಅರವತ್ತು, ಎಪ್ಪತ್ತು, ಎಂಬತ್ತರ ಹುಟ್ಟುಹಬ್ಬಗಳನ್ನು ಜೋರಾಗಿಯೇ ಮಾಡುತ್ತೇವೆ. ಅರವತ್ತಕ್ಕೆ ವಿಶೇಷ ಬೆಲೆ ಕೊಡುವುದನ್ನು ನಾವು ಕಲಿತದ್ದು ನೆರೆಯ ಹಿಂದೂ ಬಾಂಧವರಿಂದ. ಪ್ರಭವದಿಂದ ಹಿಡಿದು ಅರವತ್ತು ಸಂವತ್ಸರಗಳು ಒಂದು ಸುತ್ತು ಮುಗಿಸಿ, ಹುಟ್ಟಿದ ಸಂವತ್ಸರ ಮತ್ತೆ ಬರುತ್ತದೆ ಎಂಬುದು ಅದರ ಲೆಕ್ಕ. ಕಲಿತದ್ದರಲ್ಲಿ ತಪ್ಪಿಲ್ಲ. ಮಕ್ಕಳು ಕೈತುಂಬಾ ದುಡಿಯುತ್ತಿದ್ದಾರೆ, ಅಪ್ಪ ಅಮ್ಮನಿಗಾಗಿ ಹಾಲ್ ಹಿಡಿಯುತ್ತಾರೆ, ಫ್ಲೆಕ್ಸ್ ಕಟ್ಟಿಸುತ್ತಾರೆ, ಕೇಕ್ ತರಿಸುತ್ತಾರೆ. ತರಿಸಲಿ. ಆದರೆ ಪಟ್ಟಿ ಬರೆಯುವವರು ಯಾರು? ಮಗ ತನ್ನ ಆಫೀಸಿನವರನ್ನು ಬರೆಯುತ್ತಾನೆ, ಸೊಸೆ ತನ್ನ ತವರಿನವರನ್ನು, ಅಳಿಯ ಊರಿನ ಮುಖಂಡರನ್ನು. ಹಬ್ಬದ ಯಜಮಾನರು ವೇದಿಕೆಯ ಮೇಲಿನ ಕುರ್ಚಿಯಲ್ಲಿ ಹಾರ ಹಾಕಿಸಿಕೊಂಡು ಫೋಟೋಗೆ ಕೂತಿರುತ್ತಾರೆ. ಅವರೊಡನೆ ಬರಿಗಾಲಲ್ಲಿ ಶಾಲೆಗೆ ನಡೆದಿದ್ದವರು, ಒಟ್ಟಿಗೆ ರಾಗಿ ಹೊಲ ಕೊಯ್ದವರು ಬಂದಿದ್ದರೂ ಕೊನೆಯ ಸಾಲಿನಲ್ಲಿ ಬಾಡೂಟದ ಕರೆಗೆ ಕಾಯುತ್ತಿರುತ್ತಾರೆ.

ನಮ್ಮ ಸೀಮೆಯಲ್ಲಿ ಮುಯ್ಯಿ ಎಂಬುದೊಂದಿದೆ, ನಿಮಗೆ ಗೊತ್ತೇ ಇದೆ. ಯಾರು ಎಷ್ಟು ಕೊಟ್ಟರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಅಷ್ಟನ್ನು, ಸ್ವಲ್ಪ ಸೇರಿಸಿ, ಹಿಂದಿರುಗಿಸುವುದು. ಲೂಕ 14ರಲ್ಲಿ ಯೇಸುಸ್ವಾಮಿ ಊಟಕ್ಕೆ ಗೆಳೆಯರನ್ನು, ಅಣ್ಣತಮ್ಮಂದಿರನ್ನು, ನೆಂಟರನ್ನು, ಸಿರಿವಂತ ನೆರೆಯವರನ್ನು ಕರೆಯಬೇಡಿ, ಬಡವರನ್ನು, ಕುಂಟರನ್ನು, ಕುರುಡರನ್ನು ಕರೆಯಿರಿ ಎಂದಾಗ ನಮಗೆ ದಿಗಿಲಾಗುತ್ತದೆ. ಹೆತ್ತವರ ಹುಟ್ಟುಹಬ್ಬಕ್ಕೆ ಬಂಧುಗಳನ್ನು ಕರೆಯಬಾರದೇ? ಸ್ವಾಮಿಯೇ ಕಾನಾ ಊರಿನ ಮದುವೆಗೆ ತಾಯಿಯೊಡನೆ ಹೋಗಿದ್ದರಲ್ಲ! ಅವರು ಕೊಡುವ ಕಾರಣವನ್ನು ಗಮನಿಸಿ: ಆ ನೆಂಟರಿಷ್ಟರು ನಿಮ್ಮನ್ನು ತಿರುಗಿ ಕರೆದು ಲೆಕ್ಕ ತೀರಿಸಿಬಿಡುತ್ತಾರೆ. ಅವರ ತಕರಾರು ಮುಯ್ಯಿ ಪುಸ್ತಕದ ಮೇಲೆ, ಬಳಗದ ಮೇಲಲ್ಲ. ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಗೆಳೆತನದ ಪಾಠದಲ್ಲಿ ಒಂದು ಮಾತು ಬಂದಿತ್ತು. ಜೊತೆಯಾಗಿ ಬೇಕಾದಷ್ಟು ಉಪ್ಪು ತಿನ್ನದೆ ಒಬ್ಬರನ್ನೊಬ್ಬರು ಅರಿಯಲಾಗದೆಂಬ ಹಳೆಯ ಗಾದೆಯನ್ನು ಅವನು ನೆನೆಯುತ್ತಾನೆ. ಉಪ್ಪಿನ ಋಣ ಬಲ್ಲ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಮಕ್ಕಳಿಲ್ಲದ ಹಿರಿಯರು ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ಅವರ ಎಪ್ಪತ್ತು ಯಾವಾಗ ಬಂತೆಂದು ನಮಗೆ ತಿಳಿಯುವುದೂ ಇಲ್ಲ. ನಮ್ಮೂರಿನಿಂದ ಕುಣಿಗಲ್ ರಸ್ತೆಯಲ್ಲಿ ಸೋಲೂರಿನ ಆಚೆಗೆ ಕುದೂರು, ಅದರ ಬಳಿ ಹುಲಿಕಲ್. ಅಲ್ಲಿಯ ಸಾಲುಮರದ ತಿಮ್ಮಕ್ಕ, ಮಕ್ಕಳಿಲ್ಲದ ಕೊರಗನ್ನು ನುಂಗಿ, ಗಂಡ ಚಿಕ್ಕಯ್ಯನವರೊಡನೆ ಕೊಡದಲ್ಲಿ ನೀರು ಹೊತ್ತು ರಸ್ತೆಯುದ್ದಕ್ಕೂ ಆಲದ ಸಸಿಗಳನ್ನು ಬೆಳೆಸಿದರು. 2022ರಲ್ಲಿ ಅವರ 111ನೇ ಹುಟ್ಟುಹಬ್ಬಕ್ಕೆ ಆಗಿನ ಮುಖ್ಯಮಂತ್ರಿಗಳೇ ಬಂದಿದ್ದರು. ಆದರೆ ಜೊತೆಯಲ್ಲಿ ನೀರು ಹೊತ್ತ ಚಿಕ್ಕಯ್ಯ 1991ರಲ್ಲೇ ತೀರಿಕೊಂಡಿದ್ದರು. 2025ರ ನವೆಂಬರ್ 14ರಂದು ತಿಮ್ಮಕ್ಕನವರೂ ಹೋದರು. ನಿಮ್ಮ ಬೀದಿಯಲ್ಲಿಯೂ ಒಬ್ಬ ಅಜ್ಜಿ ಒಂಟಿಯಾಗಿರಬಹುದು. ಮುಖ್ಯಮಂತ್ರಿಗಳು ಬರಲಾರರು, ನೀವು ಹೋಗಬಹುದು.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದು ಹೇಳಲು ಕಷ್ಟದ್ದು. ಹೆದ್ದಾರಿಗಳು ಅಗಲವಾದ ಮೇಲೆ, ದಾಬಸ್‌ಪೇಟೆಯವರೆಗೂ ಕಾರ್ಖಾನೆಗಳು ಬಂದ ಮೇಲೆ, ರಾಗಿ ಅವರೆ ಬೆಳೆಯುತ್ತಿದ್ದ ನೆಲಕ್ಕೆ ಅಡಿಯ ಲೆಕ್ಕದಲ್ಲಿ ಬೆಲೆ ಬಂತು. ಅಲ್ಲಿಂದ ಮುಂದೆ ಎಷ್ಟು ಮನೆಗಳಲ್ಲಿ ಅಣ್ಣತಮ್ಮಂದಿರ ಮಾತು ನಿಂತುಹೋಗಿದೆ! ಎಷ್ಟು ತಂಗಿಯರಿಗೆ ತವರಿನ ಬಾಗಿಲು ಮುಚ್ಚಿದೆ! ತಂಗಿ ಮಾಡಿದ ಅಪರಾಧವೇನು? ಪಾಲು ಕೇಳಿದಳು, ಬಿಡುಗಡೆ ಪತ್ರಕ್ಕೆ ಸಹಿ ಹಾಕಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಕ್ರೈಸ್ತ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಕ್ಕಳ ಪಾಲಿಗೆ ಬರುವ ಆಸ್ತಿಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಎಲ್ಲರಿಗೂ ಸಮ. ಅವಳು ಕೇಳಿದ್ದು ಭಿಕ್ಷೆಯಲ್ಲ. ಆದರೂ ಅಣ್ಣನ ಅರವತ್ತರ ಆಹ್ವಾನ ಪತ್ರಿಕೆ ಊರಿಗೆಲ್ಲಾ ಹೋಗುತ್ತದೆ, ಅವಳ ಮನೆಯೊಂದನ್ನು ಬಿಟ್ಟು. ಅವಳಿಗೆ ಸುದ್ದಿ ತಿಳಿಯುವುದು ಬೇರೆ ಯಾರದೋ ಮೊಬೈಲಿನ ಫೋಟೋದಿಂದ.

ಜೂಬಿಲಿ ಎಂಬ ಮಾತನ್ನು ನಾವು ಐವತ್ತಕ್ಕೂ ಬಳಸುತ್ತೇವೆ, ಬೆಳ್ಳಿಹಬ್ಬಕ್ಕೂ ಬಳಸುತ್ತೇವೆ. 2025ರಲ್ಲಿ ಇಡೀ ಧರ್ಮಸಭೆಯೇ ಜೂಬಿಲಿ ಆಚರಿಸಿತು. ಅದರ ಮೂಲ ಯಾಜಕಕಾಂಡದ 25ನೇ ಅಧ್ಯಾಯ. ಐವತ್ತನೆಯ ವರ್ಷ ಕೊಂಬು ಊದಿಸಬೇಕು, ಕೈಬಿಟ್ಟುಹೋದ ಹೊಲ ಮೂಲ ಮನೆತನಕ್ಕೆ ಮರಳಬೇಕು, ಪ್ರತಿಯೊಬ್ಬರೂ ತಮ್ಮ ಕುಟುಂಬಕ್ಕೆ ಹಿಂದಿರುಗಬೇಕು. ನೆಲ ಮತ್ತು ಬಂಧುತ್ವ, ಎರಡನ್ನೂ ದೇವರು ಒಂದೇ ಆಜ್ಞೆಯಲ್ಲಿ ಕಟ್ಟಿದ್ದಾರೆ. ನಾವು ಕೊಂಬನ್ನು ಮಾತ್ರ ಇಟ್ಟುಕೊಂಡಿದ್ದೇವೆ, ಅದಕ್ಕೀಗ ಡಿ.ಜೆ. ಎಂದು ಹೆಸರು.

ಜಗದ್ಗುರು 16ನೇ ಬೆನೆಡಿಕ್ಟರಿಗೆ 2017ರ ಏಪ್ರಿಲ್ 16ರಂದು, ಪಾಸ್ಖ ಹಬ್ಬದ ಭಾನುವಾರವೇ, ತೊಂಬತ್ತು ತುಂಬಿತು. ಆಗ ಅವರು ನಿವೃತ್ತರು. ಮರುದಿನ ವ್ಯಾಟಿಕನ್ ತೋಟದ ಮನೆಯಂಗಳದಲ್ಲಿ ಸಣ್ಣ ಕೂಟ ನಡೆಯಿತು. ಹುಟ್ಟೂರಿನ ಸೀಮೆಯಾದ ಬವೇರಿಯದವರು ಬಂದಿದ್ದರು, ಪಕ್ಕದಲ್ಲಿ 93 ವರ್ಷದ ಅಣ್ಣ ಜಾರ್ಜ್ ಕೂತಿದ್ದರು. ಅಣ್ಣತಮ್ಮ ಇಬ್ಬರೂ 1951ರ ಜೂನ್ 29ರಂದು ಒಂದೇ ದಿನ ಗುರುದೀಕ್ಷೆ ಪಡೆದವರು. ಮೂರು ವರ್ಷದ ಮೇಲೆ ಅಣ್ಣ ಹಾಸಿಗೆ ಹಿಡಿದಾಗ, ನಡೆಯಲಾರದ ಸ್ಥಿತಿಯಲ್ಲಿದ್ದ 93ರ ತಮ್ಮ ವಿಮಾನ ಹತ್ತಿ ಜರ್ಮನಿಗೆ ಹೋದರು. 2020ರ ಜೂನ್ ತಿಂಗಳು, ಕೊರೊನಾ ಕಾಲ. ಕೆಲವು ದಿನ ಅಣ್ಣನ ಮಂಚದ ಬಳಿ ಕೂತು ರೋಮ್‌ಗೆ ಮರಳಿದರು. ಜುಲೈ 1ರಂದು ಅಣ್ಣ ತೀರಿಕೊಂಡರು.

ನಿಮ್ಮ ಅಣ್ಣನ ಮನೆಗೆ ವಿಮಾನ ಬೇಡ. ಹೆದ್ದಾರಿ ದಾಟಿದರೆ ಸಾಕು.

ಕೋರ್ಟಿನ ದಾವೆಯನ್ನು ನಾಳೆಯೇ ಹಿಂದಕ್ಕೆ ತೆಗೆದುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ನ್ಯಾಯವಾದ ಪಾಲು ನ್ಯಾಯವಾಗಿಯೇ ತೀರ್ಮಾನವಾಗಲಿ. ಆದರೆ ಅದು ತೀರುವಷ್ಟರಲ್ಲಿ ನಿಮ್ಮಿಬ್ಬರಲ್ಲಿ ಒಬ್ಬರು ಇರಲಿಕ್ಕಿಲ್ಲ. ನಿಮ್ಮ ತಾಯಿ ನಿಮ್ಮನ್ನು ಯಾವ ಹೆಸರಿಟ್ಟು ಮುದ್ದಾಗಿ ಕರೆಯುತ್ತಿದ್ದರೆಂದು ಬಲ್ಲವರು ಇನ್ನೆಷ್ಟು ಜನ ಉಳಿದಿದ್ದಾರೆ, ಎಣಿಸಿ ನೋಡಿ. ಅರವತ್ತು ತುಂಬುವ ಹಿರಿಯರೇ, ಅತಿಥಿಗಳ ಪಟ್ಟಿಯ ಮೊದಲ ಹತ್ತು ಹೆಸರುಗಳನ್ನು ನಿಮ್ಮ ಕೈಯಾರೆ ಬರೆಯಿರಿ, ಉಳಿದದ್ದನ್ನು ಮಕ್ಕಳು ಬರೆಯಲಿ. ತಂಗಿಯ ಮನೆಗೆ ಪತ್ರಿಕೆಯನ್ನು ಮಗನ ಕೈಯಲ್ಲಿ ಕಳಿಸಬೇಡಿ, ವಾಟ್ಸಾಪಿನಲ್ಲೂ ಹಾಕಬೇಡಿ. ನೀವೇ ಹೋಗಿ ಅವಳ ಅಡುಗೆಮನೆಯಲ್ಲಿ ಕೂತು ಒಂದು ಲೋಟ ಕಾಫಿ ಕೇಳಿ. ಕೃತಜ್ಞತಾ ಬಲಿಪೂಜೆಗೆ ದಿನ ಗೊತ್ತುಮಾಡಲು ನನ್ನ ಬಳಿ ಬರುವಾಗ ಸಾಧ್ಯವಾದರೆ ಅವಳನ್ನೂ ಕರೆದುಕೊಂಡು ಬನ್ನಿ. ಭಾನುವಾರ ಎರಡನೆಯ ಪೂಜೆಯಾದ ಮೇಲೆ ನಾನು ಕಚೇರಿಯಲ್ಲೇ ಇರುತ್ತೇನೆ.