ಇಂದಿನ ಧಮ್ಮ ಚಿಂತನೆ: ಅವ್ವನ ಝುಣಕ



ಶಲವಡಿಯ ನಮ್ಮ ಮನೆಯಲ್ಲಿ ಝುಣಕಕ್ಕೆ ಹತ್ತು ನಿಮಿಷ ಸಾಕು: ಉಳ್ಳಾಗಡ್ಡಿ ಒಗ್ಗರಣೆ, ಖಾರ, ನೀರು ಕುದಿದ ಮೇಲೆ ಕಡಲೆಹಿಟ್ಟು. ಆದರೆ ಕಂಡವರ ಎರೆಹೊಲದಲ್ಲಿ ಕಡಲೆ ಕಿತ್ತ ಅವ್ವನ ಅಂಗೈ ಗಿಡದ ಹುಳಿಗೆ ಉರಿಯುತ್ತಿತ್ತು. ಅದೇ ಕಡಲೆಯ ಹಿಟ್ಟನ್ನು ಅಂಗಡಿಯಿಂದ ಉದ್ರಿ ತರುತ್ತಿದ್ದಳು. ಇಂದು ಉಳ್ಳವರು ಝುಣಕವನ್ನು 'ಸರಳ ಊಟ' ಎಂದು ಹೊಗಳಿದಾಗ ನಾನೂ ತಲೆದೂಗಿದ್ದೆ. ಅವ್ವನಿಗೆ ಬೇರೆ ಆಯ್ಕೆಯೇ ಇರಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ಆಳವಿಯಲ್ಲಿ ಹಸಿದು ಬಂದ ಬಡವನಿಗೆ ಬುದ್ಧರು ಮೊದಲು ಊಟ ಕೊಡಿಸಿ, ನಂತರ ಧಮ್ಮ ಹೇಳಿದರು. ಮತದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವಿರೋಧಾಭಾಸದ ಬಗ್ಗೆ ಬಾಬಾಸಾಹೇಬರು 1949ರ ನವೆಂಬರ್ 25ರಂದೇ ಎಚ್ಚರಿಸಿದರು.

ಸಂತೃಪ್ತಿಯನ್ನು ನಾನು ಪಾಲಿಸಬಹುದು, ಹಸಿದವರಿಗೆ ಬೋಧಿಸಲಾರೆ. ಇಂದು ರೊಟ್ಟಿ ಮುರಿಯುವಾಗ ಕೇಳಿಕೊಳ್ಳೋಣ: ಬೆಳೆದ ಕೈಗೆ ಸರಿಯಾದ ಕೂಲಿ ಸಂದಿದೆಯೇ?

ಭವತು ಸಬ್ಬ ಮಂಗಲಂ.