ಮುಚ್ಚಿದ ಅಂಗಡಿ, ಮುಗಿಯದ ಲೆಕ್ಕ

ನಮ್ಮ ಬೀದಿಯ ದಿನಸಿ ಅಂಗಡಿ ಕಳೆದ ರಮಝಾನ್‌ಗೆ ಮೊದಲು ಮುಚ್ಚಿತು. ನಲ್ವತ್ತು ವರ್ಷಗಳಿಗೂ ಹೆಚ್ಚು ಕಾಲ ಸುಬ್‌ಹ್ ನಮಾಝ್ ಮುಗಿಸಿ ಬಂದು ಹಲಗೆ ಬಾಗಿಲು ತೆರೆಯುತ್ತಿದ್ದ ಅಂಗಡಿ ಕಾಕ, ಒಂದು ಸಂಜೆ ತಕ್ಕಡಿಯನ್ನು ಗೋಣಿಚೀಲದಲ್ಲಿ ಸುತ್ತಿ ಮನೆಗೆ ಒಯ್ದರು. ಕೆಲವು ದಿನ ಬೀದಿಯಲ್ಲಿ ಅದೇ ಮಾತು. "ಪಾಪ, ಒಳ್ಳೆಯ ಮನುಷ್ಯ" ಎಂದರು ಕೆಲವರು. "ಕಾಲ ಬದಲಾಗಿದೆ, ಯಾರು ಏನು ಮಾಡಲಿಕ್ಕಾಗುತ್ತದೆ?" ಎಂದರು ಇನ್ನು ಕೆಲವರು. ಹಾಗೆ ಹೇಳಿದವರಲ್ಲಿ ಹೆಚ್ಚಿನವರ ಕೈಯಲ್ಲಿ ಮುಖ್ಯರಸ್ತೆಯ ಸೂಪರ್ ಮಾರ್ಕೆಟ್‌ನ ಚೀಲವಿತ್ತು. ನನ್ನ ಕೈಯಲ್ಲೂ ಇತ್ತು.

ಈದ್‌ನ ಮರುದಿನ ಅವರನ್ನು ಕಾಣಲು ಹೋದೆ. ಚಹಾ ಬಂತು. ಮಾತು ಅಂಗಡಿಯ ಕಡೆಗೆ ಹೊರಳಿತು.

"ವ್ಯಾಪಾರ ಕಡಿಮೆಯಾಯಿತೆಂದು ಬೇಸರವಿಲ್ಲ ಮಗಾ. ಅನ್ನಾಧಾರ ನೀಡುವವನು ಅಲ್ಲಾಹನು. ಆದರೆ ನಗದು ಅಲ್ಲಿಗೆ, ಸಾಲ ಇಲ್ಲಿಗೆ ಎಂದಾದ ಮೇಲೆ ಅಂಗಡಿ ಹೇಗೆ ನಡೆಯಬೇಕು?"

ಮೂಲೆಯ ಸ್ಟೂಲಿನ ಮೇಲೆ ಲೆಕ್ಕದ ಪುಸ್ತಕಗಳು ಒಂದರ ಮೇಲೊಂದು ಇದ್ದವು. ನನ್ನ ಕಣ್ಣು ಅತ್ತ ಹೋದುದನ್ನು ಅವರು ಗಮನಿಸಿದರು. "ಅದರಲ್ಲಿ ಯಾರ ಹೆಸರಿದೆಯೆಂದು ನಾನು ಹೇಳುವುದಿಲ್ಲ. ಅವರಿಗೆ ಗೊತ್ತಿದೆ, ಅಲ್ಲಾಹನಿಗೂ ಗೊತ್ತಿದೆ. ನೀನು ಹೆದರಬೇಡ, ನಿನ್ನ ತಂದೆಯ ಲೆಕ್ಕ ಎಂದೋ ಮುಗಿದಿದೆ. ಒಂದು ಪೈಸೆ ಬಾಕಿಯಿಲ್ಲ" ಎಂದು ನಕ್ಕರು.

ನನಗೆ ನಗು ಬರಲಿಲ್ಲ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ, ಅಲ್ಲಿ ದುಡಿಯುತ್ತಿದ್ದ ಸುಮಾರು 1,70,000 ಭಾರತೀಯರು ಊರಿಗೆ ಮರಳಬೇಕಾಯಿತು. ಬಹಳ ಮಂದಿ ಜೋರ್ಡಾನಿನ ಅಮ್ಮಾನ್ ಮೂಲಕ ಬರಿಗೈಯಲ್ಲಿ ಬಂದರು. ನನ್ನ ತಂದೆಯೂ ಅವರಲ್ಲೊಬ್ಬರು. ಅಂದಿನಿಂದ ಹಲವು ತಿಂಗಳು ನಮ್ಮ ಮನೆಗೆ ಕುಚ್ಚಲಕ್ಕಿ, ಬೆಲ್ಲ, ತೆಂಗಿನೆಣ್ಣೆ ಬಂದದ್ದು ಈ ಅಂಗಡಿಯಿಂದ. ಕಾಕ ಪುಸ್ತಕದಲ್ಲಿ ಬರೆಯುತ್ತಿದ್ದರೇ ಹೊರತು ಯಾವಾಗ ಕೊಡುವಿರೆಂದು ಒಮ್ಮೆಯೂ ಕೇಳಲಿಲ್ಲ. ತಂದೆ ನಿಧಾನವಾಗಿ ಎಲ್ಲವನ್ನೂ ತೀರಿಸಿದರು. ಆ ಲೆಕ್ಕ ಮುಗಿದದ್ದು ನಿಜ. ಆದರೂ ಮನೆಗೆ ಮರಳುವಾಗ ಒಂದು ಪ್ರಶ್ನೆ ನನ್ನನ್ನು ಕಾಡಿತು. ಬಾಕಿ ಏನೂ ಇಲ್ಲದಿರುವಲ್ಲಿಯೂ ಮನುಷ್ಯನ ಮೇಲೆ ಋಣವಿರುತ್ತದೆಯೇ?

ಅಗ್ಗವನ್ನು ಹುಡುಕುವುದು ತಪ್ಪೇ?

ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಕಡಿಮೆ ಬೆಲೆಗೆ ಸಿಗುವಲ್ಲಿ ಕೊಳ್ಳುವುದು ಹರಾಮ್ ಅಲ್ಲ. ನಾಲ್ಕು ಅಂಗಡಿಗಳ ಬೆಲೆಯನ್ನು ಹೋಲಿಸಿ ನೋಡುವ ಗೃಹಿಣಿ ಪತಿಯ ದುಡಿಮೆಯನ್ನು ಕಾಪಾಡುತ್ತಿದ್ದಾಳೆ. ಕರುಣಾಮಯನಾದ ಅಲ್ಲಾಹನ ನೈಜ ದಾಸರು ದುಂದುಗಾರರೂ ಆಗಿರುವುದಿಲ್ಲ, ಜಿಪುಣರೂ ಆಗಿರುವುದಿಲ್ಲ ಎಂದು ಪವಿತ್ರ ಕುರ್‌ಆನ್‌ನ ಅಲ್ ಫುರ್ಕಾನ್ ಅಧ್ಯಾಯವು ಕಲಿಸುತ್ತದೆ. ಪ್ರವಾದಿವರ್ಯರ(ಸ) ಕಾಲದಲ್ಲಿ ಮದೀನದಲ್ಲಿ ಬೆಲೆಗಳು ಏರಿದಾಗ, ದರವನ್ನು ನಿಗದಿಪಡಿಸಬೇಕೆಂದು ಜನರು ಕೋರಿಕೊಂಡರು. ಅವರು ಅದಕ್ಕೆ ಒಪ್ಪಲಿಲ್ಲ. ಯಾರ ಮೇಲೂ ಅನ್ಯಾಯವೆಸಗಿದ ಭಾರವನ್ನು ಹೊತ್ತು ಅಲ್ಲಾಹನನ್ನು ಭೇಟಿಯಾಗಲು ತಾನು ಬಯಸುವುದಿಲ್ಲ ಎಂಬುದು ಅವರ ಉತ್ತರದ ತಾತ್ಪರ್ಯವಾಗಿತ್ತು. ಮಾರುವವನಿಗೂ ಕೊಳ್ಳುವವನಿಗೂ ಇಸ್ಲಾಮ್ ಸ್ವಾತಂತ್ರ್ಯ ನೀಡಿದೆ.

ದಿನಗೂಲಿಯಿಂದ ಐದು ಮಂದಿಯ ಹೊಟ್ಟೆ ತುಂಬಿಸಬೇಕಾದವನು ಎಣ್ಣೆಯಲ್ಲಿ ಹತ್ತು ರೂಪಾಯಿ ಉಳಿಯುವಲ್ಲಿಗೆ ಹೋದರೆ ಅವನನ್ನು ಆಕ್ಷೇಪಿಸುವ ಹಕ್ಕು ಯಾರಿಗೂ ಇಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ಲು ಮಾಡುವ ಹುಡುಗಿ, ಮೂಟೆ ಹೊರುವ ಹುಡುಗ ಕೂಡಾ ಯಾರದೋ ಮನೆಯ ಅನ್ನಕ್ಕಾಗಿಯೇ ದುಡಿಯುತ್ತಿದ್ದಾರೆ. ಆದ್ದರಿಂದ ದೊಡ್ಡ ಅಂಗಡಿಯೆಲ್ಲ ಕೆಟ್ಟದ್ದು, ಸಣ್ಣ ಅಂಗಡಿಯೆಲ್ಲ ಒಳ್ಳೆಯದು ಎಂದು ಹೇಳುವುದು ನ್ಯಾಯವಾಗದು.

ಬಿಲ್ಲಿನಲ್ಲಿ ಕಾಣದ ಲೆಕ್ಕ

ಆದರೆ ನಾವು ಮಾಡುವ ಹೋಲಿಕೆ ಪೂರ್ತಿಯಾಗಿದೆಯೇ? ದೊಡ್ಡ ಮಳಿಗೆಯವರು ಕಂಪೆನಿಗಳಿಂದ ನೇರವಾಗಿ, ರಾಶಿಗಟ್ಟಲೆ ಕೊಳ್ಳುತ್ತಾರೆ. ಬೀದಿಯ ಅಂಗಡಿಯವನು ವಿತರಕನಿಂದಲೋ ಮಂಗಳೂರಿನ ಬಂದರ್‌ನಂತಹ ಪೇಟೆಯ ಸಗಟು ವ್ಯಾಪಾರಿಯಿಂದಲೋ ಸ್ವಲ್ಪ ಸ್ವಲ್ಪವಾಗಿ ತರುತ್ತಾನೆ. ಕೆಲವು ಸಾಮಾನುಗಳಲ್ಲಿ ಬೆಲೆಯ ಅಂತರವಿರುವುದು ಸಹಜ. ಆದರೆ ಆ ರಿಯಾಯಿತಿ ಎಲ್ಲ ಸಾಮಾನುಗಳ ಮೇಲೂ ಇರುವುದಿಲ್ಲ. ಸಕ್ಕರೆಗೋ ಎಣ್ಣೆಗೋ ಬೆಲೆಯಿಳಿಸಿ ಕರೆಯುತ್ತಾರೆ. ಒಳಗೆ ಹೋದವನು ಬೇರೆ ಹತ್ತು ಸಾಮಾನು ಹೊತ್ತು ಬರುತ್ತಾನೆ.

ಒಂದು ಉದಾಹರಣೆ ನೋಡೋಣ. ಚೀಟಿಯಲ್ಲಿ ಬರೆದ ಸಾಮಾನುಗಳಲ್ಲಿ 120 ರೂಪಾಯಿ ಉಳಿಯಿತೆಂದು ಭಾವಿಸಿ. ರಿಕ್ಷಾಕ್ಕೆ 60 ಹೋಯಿತು. ಚೀಟಿಯಲ್ಲಿಲ್ಲದ ಬಿಸ್ಕತ್ತು, ಸೋಪು, ಒಂದಕ್ಕೊಂದು ಉಚಿತ ಎಂಬ ಪೊಟ್ಟಣಗಳಿಗೆ 350 ಹೋಯಿತು. ಉಳಿಸಲು ಹೋದವನು 290 ರೂಪಾಯಿ ಕಳೆದುಕೊಂಡು ಬಂದ. ಆದರೂ ಬಿಲ್ಲಿನ ಕೊನೆಯಲ್ಲಿ 'ನೀವು ಉಳಿಸಿದ ಮೊತ್ತ' ಎಂದು ಅಚ್ಚಾಗಿರುತ್ತದೆ!

ಪೊಟ್ಟಣಗಳನ್ನೂ ಗಮನಿಸಬೇಕು. ಹೊರಗಿನಿಂದ ಒಂದೇ ಗಾತ್ರ ಕಂಡರೂ ಒಂದು ಎಣ್ಣೆ ಪೊಟ್ಟಣದಲ್ಲಿ ಒಂದು ಲೀಟರ್, ಅಂದರೆ ಸುಮಾರು 910 ಗ್ರಾಂ ಇರುತ್ತದೆ. ಇನ್ನೊಂದರಲ್ಲಿ 850 ಗ್ರಾಂ ಇರಬಹುದು. ಗ್ರಾಂ ಅಥವಾ ಕಿಲೋ ಲೆಕ್ಕದ ಬೆಲೆಯನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ನಿಯಮ ಈಗ ಇದೆ. ಅದನ್ನು ಓದುವವರು ನಮ್ಮಲ್ಲಿ ಎಷ್ಟು ಮಂದಿ? ಇನ್ನು, ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚು ಪಡೆಯುವ ಹಕ್ಕು ದೊಡ್ಡ ಅಂಗಡಿಗೂ ಇಲ್ಲ, ಸಣ್ಣ ಅಂಗಡಿಗೂ ಇಲ್ಲ. ಹೋಲಿಸುವುದಾದರೆ ಇವೆಲ್ಲವನ್ನೂ ಹೋಲಿಸಬೇಕು.

ದೊಡ್ಡದು ಶಾಶ್ವತವೂ ಅಲ್ಲ. 1997ರಲ್ಲಿ ಚೆನ್ನೈಯಲ್ಲಿ ಆರಂಭವಾದ ಸುಭಿಕ್ಷಾ ದೇಶದಾದ್ಯಂತ ಸುಮಾರು 1,600 ಮಳಿಗೆಗಳಿಗೆ ಬೆಳೆದು 2009ರಲ್ಲಿ ಬಾಗಿಲು ಹಾಕಿತು. 2001ರಲ್ಲಿ ಆರಂಭವಾದ ಬಿಗ್ ಬಜಾರ್‌ನ ಹೆಸರು 2022ರಲ್ಲಿ ಪೇಟೆಯಿಂದ ಮರೆಯಾಯಿತು. ಹತ್ತಿರದ ಸಣ್ಣ ಅಂಗಡಿಗಳು ಮುಚ್ಚಿದ ಮೇಲೆ ದೊಡ್ಡದೂ ಮುಚ್ಚಿದರೆ, ನಡೆಯಲಾಗದ ವೃದ್ಧರು ಮತ್ತು ವಾಹನವಿಲ್ಲದ ವಿಧವೆಯರು ಎಲ್ಲಿಗೆ ಹೋಗಬೇಕು?

ಹಝ್ರತ್ ಉಮರ್(ರ)ರ ಮರುಚಿಂತನೆ

ಇಲ್ಲಿ ಹಝ್ರತ್ ಉಮರ್(ರ)ರ ಒಂದು ಘಟನೆ ನೆನಪಾಗುತ್ತದೆ. ಇಮಾಮ್ ಮಾಲಿಕ್‌ರ(ರ) ಮುವತ್ತಾದಲ್ಲಿ ಅದು ಸಂಕ್ಷಿಪ್ತವಾಗಿ ಇದೆ. ಇಮಾಮ್ ಶಾಫಿಈ(ರ) ಅದನ್ನು ವಿಸ್ತಾರವಾಗಿ ಉಲ್ಲೇಖಿಸಿದ್ದಾರೆ. ಹಾತಿಬ್ ಬಿನ್ ಅಬೀ ಬಲ್ತಆ(ರ) ಮದೀನದ ಪೇಟೆಯಲ್ಲಿ ಒಣದ್ರಾಕ್ಷಿಯನ್ನು ಅಗ್ಗವಾಗಿ ಮಾರುತ್ತಿದ್ದರು. ತಾಯಿಫ್‌ನಿಂದ ಒಣದ್ರಾಕ್ಷಿ ಹೊತ್ತ ವ್ಯಾಪಾರಿ ತಂಡವೊಂದು ಬರುತ್ತಿತ್ತು. ಈ ಬೆಲೆಯಿಂದ ಅವರಿಗೆ ತೊಂದರೆಯಾದೀತೆಂದು ಉಮರ್(ರ) ಭಾವಿಸಿದರು. ಒಂದೋ ಬೆಲೆ ಏರಿಸಬೇಕು, ಇಲ್ಲವೇ ಪೇಟೆಯಿಂದ ಎದ್ದು ಮನೆಯಲ್ಲಿ ಮಾರಬೇಕು ಎಂದು ಹಾತಿಬ್‌ರಿಗೆ(ರ) ಹೇಳಿದರು.

ಆದರೆ ಮನೆಗೆ ಹೋದ ಮೇಲೆ ಅವರು ಆತ್ಮಾವಲೋಕನ ಮಾಡಿಕೊಂಡರು. ಅನಂತರ ಸ್ವತಃ ಹಾತಿಬ್‌ರ(ರ) ಮನೆಗೆ ಹೋದರು. ತಾನು ಹೇಳಿದ್ದು ಆಜ್ಞೆಯೂ ಅಲ್ಲ, ತೀರ್ಪೂ ಅಲ್ಲ, ಊರವರ ಹಿತವನ್ನು ಬಯಸಿ ಆಡಿದ ಮಾತು ಮಾತ್ರ, ಇಷ್ಟವಿದ್ದಲ್ಲಿ ಇಷ್ಟವಿದ್ದಂತೆ ಮಾರಬಹುದು ಎಂದು ತಿಳಿಸಿದರು.

ವಿದ್ವಾಂಸರು ಈ ಘಟನೆಯಿಂದ ಬೇರೆ ಬೇರೆ ನಿಯಮಗಳನ್ನು ಗ್ರಹಿಸಿದ್ದಾರೆ. ನಮ್ಮ ದೇಶದಲ್ಲೂ 2002ರ ಸ್ಪರ್ಧಾ ಕಾಯ್ದೆಯು, ಪೇಟೆಯಲ್ಲಿ ಪ್ರಾಬಲ್ಯವಿರುವ ಸಂಸ್ಥೆಯು ಪ್ರತಿಸ್ಪರ್ಧಿಗಳನ್ನು ಹೊರದಬ್ಬಲು ಅಸಲಿಗಿಂತ ಕಡಿಮೆ ಬೆಲೆಗೆ ಮಾರುವುದನ್ನು ನಿಷೇಧಿಸಿದೆ. ಅದು ಸರಕಾರ ನೋಡಬೇಕಾದ ವಿಷಯ. ನಮ್ಮಂತಹ ಗಿರಾಕಿಗಳಿಗೆ ಈ ಘಟನೆಯಲ್ಲಿ ಬೇರೆಯೇ ಪಾಠವಿದೆ. ಉಮರ್(ರ) ಬಲವಂತವನ್ನು ಹಿಂತೆಗೆದುಕೊಂಡರು, ಊರವರ ಹಿತದ ಚಿಂತೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಕಾನೂನು ಕಡ್ಡಾಯಪಡಿಸದ ವಿಷಯಗಳಲ್ಲೂ ಸತ್ಯವಿಶ್ವಾಸಿಯ ಮನಸ್ಸು ಇತರರಿಗಾಗಿ ಮಿಡಿಯಬೇಕು.

ಅನ್ನಹ್ಲ್ ಅಧ್ಯಾಯದಲ್ಲಿ ಅಲ್ಲಾಹನು ನ್ಯಾಯವನ್ನು ಆದೇಶಿಸಿ ಅಲ್ಲಿಗೇ ನಿಲ್ಲಿಸಿಲ್ಲ, ಜೊತೆಯಲ್ಲೇ ಇಹ್ಸಾನನ್ನೂ ಆದೇಶಿಸಿದ್ದಾನೆ. ಕೊಡಬೇಕಾದುದನ್ನು ಕೊಡುವುದು ನ್ಯಾಯ. ಕೊಡಬೇಕಾಗಿಲ್ಲದಿದ್ದರೂ ಸಂತೋಷದಿಂದ ಕೊಡುವುದು ಇಹ್ಸಾನ್. ಅಲ್ ಬಕರ ಅಧ್ಯಾಯವಂತೂ ವಿವಾಹ ವಿಚ್ಛೇದನದ ಸಂದರ್ಭದಲ್ಲಿಯೂ ಪರಸ್ಪರ ಔದಾರ್ಯವನ್ನು ಮರೆಯಬಾರದೆಂದು ಉಪದೇಶಿಸುತ್ತದೆ. ಬೇರ್ಪಡುವ ದಂಪತಿಗಳೇ ಮರೆಯಬಾರದೆಂದಾದರೆ, ನಲ್ವತ್ತು ವರ್ಷ ಅಕ್ಕಿ ಕೊಟ್ಟವನನ್ನು ನಾವು ಮರೆಯಬಹುದೇ? ನನ್ನ ತಂದೆ ತೀರಿಸಿದ್ದು ಅಕ್ಕಿಯ ಬೆಲೆಯನ್ನು. ಕೇಳದೆ ಕಾದ ಆ ತಿಂಗಳುಗಳಿಗೆ ಬೆಲೆ ಯಾವ ಪುಸ್ತಕದಲ್ಲಿದೆ?

ವ್ಯಾಪಾರಿಯ ಹೊಣೆ

ಸಣ್ಣ ವ್ಯಾಪಾರಿಗಳಿಗೂ ಒಂದು ಮಾತು ಹೇಳಬೇಕು. ಗಿರಾಕಿ ಬಿಟ್ಟು ಹೋದುದಕ್ಕೆ ಯಾವಾಗಲೂ ಗಿರಾಕಿಯೇ ಕಾರಣನಲ್ಲ. ಹುಳ ಬಿದ್ದ ಬೇಳೆಯನ್ನು ಒಳ್ಳೆಯ ಬೇಳೆಯೊಂದಿಗೆ ಬೆರೆಸುವವರು, ಅವಧಿ ಮೀರಿದ ಪೊಟ್ಟಣವನ್ನು ಮಕ್ಕಳ ಕೈಗೆ ಕೊಟ್ಟು ಕಳಿಸುವವರು, ಬೆಲೆ ಕೇಳಿದರೆ ಸಿಡುಕುವವರು ನಮ್ಮಲ್ಲಿ ಇಲ್ಲವೇ? ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗಿನ ಧಾನ್ಯ ಒದ್ದೆಯಾಗಿತ್ತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಅವರು ಕೇಳಿದರು. ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಹಝ್ರತ್ ಶುಐಬ್(ಅ)ರ ಜನತೆಯ ನಾಶಕ್ಕೆ ಕಾರಣವಾದ ಕೆಡುಕುಗಳಲ್ಲಿ ಅಳತೆ ತೂಕದ ಮೋಸವೂ ಒಂದು. ನೆರೆಹೊರೆಯ ಹಕ್ಕನ್ನು ಕೇಳುವ ವ್ಯಾಪಾರಿ ಮೊದಲು ತಕ್ಕಡಿಯ ಹಕ್ಕನ್ನು ಸಲ್ಲಿಸಬೇಕು.

ನೆರೆಯವನೆಂದರೆ ಮುಸ್ಲಿಮನೇ ಆಗಿರಬೇಕಾಗಿಲ್ಲ. ಮನೆಯಲ್ಲಿ ಆಡು ಕೊಯ್ದಾಗ ಯಹೂದಿ ನೆರೆಯವನಿಗೆ ಕೊಟ್ಟಿರಾ ಎಂದು ಅಬ್ದುಲ್ಲಾ ಬಿನ್ ಅಮ್ರ್(ರ) ವಿಚಾರಿಸುತ್ತಿದ್ದರು. ಬೀದಿಯ ಅಂಗಡಿಯವನು ಯಾವ ಧರ್ಮದವನಾದರೂ ನೆರೆಯವನೇ. 2020ರ ಲಾಕ್‌ಡೌನ್ ದಿನಗಳಲ್ಲಿ ಕೆಲಸವಿಲ್ಲದೆ ಕುಳಿತವರಿಗೆ ಅಕ್ಕಿ ಕೊಟ್ಟು 'ಆಮೇಲೆ ನೋಡೋಣ' ಎಂದವರಲ್ಲಿ ಎಲ್ಲ ಧರ್ಮದವರೂ ಇದ್ದರು. ಹಾಗೆ ಕಾದು ನಿಲ್ಲುವ ಅಂಗಡಿ ಊರಿಗೆ ಒಂದು ಆಸ್ತಿ. ಬಿಲ್ಲು ಮಾಡುವ ಯಂತ್ರಕ್ಕೆ ನಮ್ಮ ಮನೆಯ ಕಷ್ಟ ತಿಳಿಯುವುದಿಲ್ಲ.

ಮೊದಲು ಸಾಲ ತೀರಿಸೋಣ

ಸಾಲ ಕೊಳ್ಳುವುದು ಅವಮಾನವಲ್ಲ. ಪ್ರವಾದಿವರ್ಯರೇ(ಸ) ಒಬ್ಬ ಯಹೂದಿಯಿಂದ ತಮ್ಮ ಕವಚವನ್ನು ಅಡವಿಟ್ಟು ಧಾನ್ಯ ಪಡೆದಿದ್ದರು. ಅವರು ನಿಧನರಾದಾಗಲೂ ಆ ಕವಚ ಅಡವಿನಲ್ಲಿತ್ತು. ನಿಜವಾಗಿಯೂ ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂಬುದು ಕುರ್‌ಆನಿನ ಆದೇಶ. ಆದರೆ ಕೈಯಲ್ಲಿದ್ದೂ ಮುಂದೂಡುವುದನ್ನು ಪ್ರವಾದಿವರ್ಯರು(ಸ) ಅಕ್ರಮವೆಂದು ಕರೆದಿದ್ದಾರೆ. ಸಾಲ ಬಾಕಿಯಿದ್ದ ಒಬ್ಬರ ಜನಾಝ ನಮಾಝ್ ನಿರ್ವಹಿಸಲು ಅವರು ಮುಂದಾಗಲಿಲ್ಲ. ಅಬೂ ಕತಾದ(ರ) ಆ ಸಾಲವನ್ನು ತಾನು ವಹಿಸಿಕೊಂಡ ಬಳಿಕವೇ ನಮಾಝ್ ನಿರ್ವಹಿಸಿದರು. ಹುತಾತ್ಮನ ಪಾಪಗಳು ಕ್ಷಮಿಸಲ್ಪಟ್ಟರೂ ಸಾಲ ಉಳಿಯುತ್ತದೆಂದೂ ಕಲಿಸಿದ್ದಾರೆ.

ಹೀಗಿರುವಾಗ ಒಬ್ಬನು ತಿಂಗಳ ಮೊದಲ ವಾರದಲ್ಲಿ ಕೈತುಂಬ ನಗದಿನೊಂದಿಗೆ ಸೂಪರ್ ಮಾರ್ಕೆಟ್‌ಗೆ ಹೋಗುತ್ತಾನೆ. ಕೊನೆಯ ವಾರ ಮಗುವಿನ ಕೈಯಲ್ಲಿ ಚೀಟಿ ಕೊಟ್ಟು ಬೀದಿಯ ಅಂಗಡಿಗೆ ಕಳಿಸುತ್ತಾನೆ. ಹಳೆಯ ಬಾಕಿ ಬೆಳೆದು ನಾಚಿಕೆಯಾದಾಗ ಬೇರೆ ದಾರಿಯಲ್ಲಿ ನಡೆಯತೊಡಗುತ್ತಾನೆ. ಅವನು ಐದು ಹೊತ್ತು ನಮಾಝ್ ಮಾಡುವವನಾದರೂ ನಾಳೆ ಅಲ್ಲಾಹನ ಮುಂದೆ ಏನು ಉತ್ತರ ಕೊಡುವನು? ಅಂಗಡಿ ಮುಚ್ಚಿದರೆ ಸಾಲ ಮುಚ್ಚುವುದಿಲ್ಲ. ಅಂಗಡಿಯವನು ತೀರಿಕೊಂಡರೆ ಅದು ಅವನ ವಾರಸುದಾರರ ಹಕ್ಕಾಗುತ್ತದೆ.

ಆದ್ದರಿಂದ ಓದುಗ ಸಹೋದರ ಸಹೋದರಿಯರೇ, ಇಂದೇ ಒಂದು ಕೆಲಸ ಮಾಡೋಣ. ನಮ್ಮ ಹೆಸರು ಯಾವುದಾದರೂ ಅಂಗಡಿಯ ಪುಸ್ತಕದಲ್ಲಿ ಉಳಿದಿದೆಯೇ ಎಂದು ನೆನಪಿಸಿಕೊಳ್ಳೋಣ. ಇದ್ದರೆ ಹೋಗಿ ತೀರಿಸೋಣ. ಒಮ್ಮೆಗೇ ಸಾಧ್ಯವಿಲ್ಲದಿದ್ದರೆ ಹೋಗಿ ಮಾತನಾಡಿ ಅವಧಿ ಕೇಳೋಣ. ಅಗ್ಗವಿರುವಲ್ಲಿ ಧಾರಾಳವಾಗಿ ಕೊಳ್ಳೋಣ, ಆದರೆ ಅನುಕೂಲವಿರುವವರು ಮನೆಯ ಅಗತ್ಯದ ಒಂದು ಪಾಲನ್ನಾದರೂ ಬೀದಿಯ ಪ್ರಾಮಾಣಿಕ ಅಂಗಡಿಯಿಂದ, ನಗದು ಕೊಟ್ಟು ಕೊಳ್ಳೋಣ. ಹಾಗೆ ಹೆಚ್ಚಿಗೆ ಹೋಗುವ ನಾಲ್ಕು ರೂಪಾಯಿ ನಷ್ಟವೆಂದು ಭಾವಿಸಬೇಡಿ. ಸದುದ್ದೇಶವಿದ್ದರೆ ಅದಕ್ಕೂ ಪ್ರತಿಫಲವಿದೆ.

ಕಾಕನ ಅಂಗಡಿ ಇನ್ನು ತೆರೆಯಲಿಕ್ಕಿಲ್ಲ. ಬೀದಿಯ ಆ ಕೊನೆಯಲ್ಲಿ ಇನ್ನೊಂದು ಅಂಗಡಿಯಿದೆ. ಈ ತಿಂಗಳ ಅಕ್ಕಿಯನ್ನು ನಾನು ಅಲ್ಲಿಂದ ತಂದೆ. ನಮ್ಮ ಸಂಪಾದನೆಯಲ್ಲೂ ಖರ್ಚಿನಲ್ಲೂ ಅಲ್ಲಾಹನು ಬರಕತ್ ನೀಡಲಿ, ಯಾರ ಹಕ್ಕನ್ನೂ ಹೊತ್ತುಕೊಳ್ಳದೆ ಅವನ ಸನ್ನಿಧಿಗೆ ಮರಳುವ ಭಾಗ್ಯವನ್ನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.