ಬೂದಿಯಾಗುವ ಶತ್ರು

ರಾಮನಗರದ ಬಂಡೆಗಳ ನಡುವೆ 1973ರ ಅಕ್ಟೋಬರ್‌ನಲ್ಲಿ ಚಿತ್ರೀಕರಣ ಆರಂಭಿಸಿದ ‘ಶೋಲೆ’ಗೆ ಎರಡು ಅಂತ್ಯಗಳಿವೆ. ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಒಂದನ್ನು ಮಾತ್ರ. 1975ರ ಆಗಸ್ಟ್ 15ರಂದು, ತುರ್ತು ಪರಿಸ್ಥಿತಿಯ ದಿನಗಳಲ್ಲಿ ತೆರೆಗೆ ಬಂದ ಚಿತ್ರದಲ್ಲಿ ಠಾಕೂರ್ ಇನ್ನೇನು ಗಬ್ಬರ್ ಸಿಂಗ್‌ನನ್ನು ತುಳಿದು ಕೊಲ್ಲಬೇಕು ಎನ್ನುವಷ್ಟರಲ್ಲಿ ಪೊಲೀಸರು ಬರುತ್ತಾರೆ. ಶಿಕ್ಷೆ ಕೊಡುವುದು ಕಾನೂನಿನ ಕೆಲಸವೆಂದು ಆ ಮಾಜಿ ಪೊಲೀಸ್ ಅಧಿಕಾರಿಗೆ ನೆನಪು ಮಾಡಿಕೊಡುತ್ತಾರೆ. ನಿರ್ದೇಶಕ ರಮೇಶ್ ಸಿಪ್ಪಿಯವರು ಮೊದಲು ಚಿತ್ರಿಸಿದ್ದು ಇದನ್ನಲ್ಲ. ಅದರಲ್ಲಿ ಕೈಗಳಿಲ್ಲದ ಠಾಕೂರ್ ಮೊಳೆಗಳಿರುವ ತನ್ನ ಪಾದರಕ್ಷೆಯಿಂದಲೇ ಗಬ್ಬರ್‌ನನ್ನು ಕೊಲ್ಲುತ್ತಾನೆ. ಜನರು ಕಾನೂನನ್ನು ಕೈಗೆತ್ತಿಕೊಳ್ಳಲು ಇದು ಪ್ರೇರಣೆಯಾದೀತೆಂದು ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಅಂತ್ಯವನ್ನು ಮತ್ತೆ ಚಿತ್ರೀಕರಿಸಬೇಕಾಯಿತು. ಇಮಾಮ್ ಸಾಹೇಬರ ಮಗ ಅಹ್ಮದ್‌ನ ಕೊಲೆಯ ದೃಶ್ಯಕ್ಕೂ ಕತ್ತರಿ ಬಿತ್ತು.

ಆ ಮೂಲ ಅಂತ್ಯವನ್ನು ಮೊದಲು ಹೊರತಂದದ್ದು ಚಿತ್ರಮಂದಿರವಲ್ಲ, ಮನೆಯ ಟಿ.ವಿ. ಹದಿನೈದು ವರ್ಷಗಳ ಬಳಿಕ, 1990ರಲ್ಲಿ ಬ್ರಿಟನ್‌ನಲ್ಲಿ ಬಂದ ವಿಡಿಯೋ ಕ್ಯಾಸೆಟ್‌ನಲ್ಲಿ ಅದು ಕಾಣಿಸಿಕೊಂಡಿತು. ಅನಂತರ 198 ನಿಮಿಷದ ಒಂದು, 204 ನಿಮಿಷದ ಇನ್ನೊಂದು ಹೀಗೆ ಎರಡು ಡಿವಿಡಿಗಳು ಬಂದವು. 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾದ ಚಿತ್ರೋತ್ಸವದಲ್ಲಿ ಮತ್ತು ಅದೇ ಡಿಸೆಂಬರ್‌ನಲ್ಲಿ ನಮ್ಮ ಚಿತ್ರಮಂದಿರಗಳಲ್ಲಿ ಮೂಲ ರೂಪವು ಹೊಸದಾಗಿ ಸಿದ್ಧಗೊಂಡು ಪ್ರದರ್ಶನವಾಯಿತು. ಮನೆಯೊಳಗೆ ಬರುವ ಚಿತ್ರಕ್ಕೆ ಕಾವಲುಗಾರನಿಲ್ಲ ಎಂಬುದು ಅಂದೇ ಸ್ಪಷ್ಟವಾಗಿತ್ತು. ವಿಸಿಆರ್ ಮತ್ತು ಟಿ.ವಿ.ಯನ್ನು ಒಟ್ಟಿಗೆ ಬಾಡಿಗೆಗೆ ತಂದು ಬೆಳಗಾಗುವ ತನಕ ಮೂರು ಸಿನಿಮಾ ನೋಡುತ್ತಿದ್ದ ಕಾಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ವಿಚಾರ ಮನಸ್ಸಿಗೆ ಬಂದದ್ದು ಇನ್ನೊಂದು ಬಗೆಯ ಚಿತ್ರದಿಂದ. ಚನ್ನಪಟ್ಟಣದ ಬಂಧುಗಳ ಮನೆಯ ಷೋಕೇಸಿನಲ್ಲಿ ಅರಗಿನ ಬಣ್ಣದ ಗೊಂಬೆಗಳ ಪಕ್ಕದಲ್ಲಿ ‘ಬ್ಲೇಡ್’ ಎಂಬ ಹಾಲಿವುಡ್ ಸರಣಿಯ ಮೂರು ಡಿಸ್ಕ್‌ಗಳ ಕಪ್ಪು ಪೆಟ್ಟಿಗೆಯೊಂದಿದೆ. ಗಲ್ಫ್‌ನಲ್ಲಿರುವ ಮಾವ ಯಾವಾಗಲೋ ತಂದುಕೊಟ್ಟದ್ದು. 1998, 2002 ಮತ್ತು 2004ರ ಮೂರು ಚಿತ್ರಗಳು. ಅರ್ಧ ಮನುಷ್ಯ, ಅರ್ಧ ರಕ್ತಪಿಶಾಚಿಯಾದ ನಾಯಕ ಉಳಿದ ಪಿಶಾಚಿಗಳನ್ನು ಬೇಟೆಯಾಡುವುದೇ ಕತೆ. ಬೆಳ್ಳಿಯ ಗುಂಡು ಅಥವಾ ಕತ್ತಿ ತಗುಲಿದ ಕೂಡಲೇ ಪಿಶಾಚಿ ಹೊತ್ತಿ ಬೂದಿಯಾಗುತ್ತದೆ. ಎಣಿಸುವವರು ಎಣಿಸಿ ಸುಸ್ತಾಗಬೇಕು, ಅಷ್ಟು ಮಂದಿ. ಇಷ್ಟೊಂದು ಕೊಲೆಗಳನ್ನು ಊಟದ ತಟ್ಟೆ ಹಿಡಿದು ನೋಡುವುದಾದರೂ ಹೇಗೆ ಎಂದು ಪಿಯುಸಿ ಓದುವ ಹುಡುಗನನ್ನು ಕೇಳಿದೆ. “ಚಾಚಾ, ಅವು ಮನುಷ್ಯರೇ ಅಲ್ಲವಲ್ಲ” ಎಂದ.

ಉತ್ತರ ಸರಿಯಾಗಿಯೇ ಇದೆ. ಮನುಷ್ಯರಲ್ಲದವರನ್ನು, ಅದರಲ್ಲೂ ಇಲ್ಲದೇ ಇರುವವರನ್ನು ಪರದೆಯ ಮೇಲೆ ಕೊಂದರೆ ಯಾರಿಗೆ ನಷ್ಟ? ಆದರೆ ಪಿಶಾಚಿಯನ್ನು ಕತೆಗಾರರು ಯಾಕೆ ಕರೆತರುತ್ತಾರೆ ಎಂದು ಸ್ವಲ್ಪ ಯೋಚಿಸಬೇಕು. ನಾಯಕನಿಗೆ ಕೊಲ್ಲುವ ಕೆಲಸ ಬೇಕು, ಪ್ರೇಕ್ಷಕನಿಗೆ ಅದನ್ನು ನೋಡುವ ಸುಖ ಬೇಕು, ಆದರೆ ಇಬ್ಬರ ಮನಸ್ಸಿಗೂ ಚುಚ್ಚಬಾರದು. ಎದುರಿಗಿರುವವನು ಮನುಷ್ಯನಾದರೆ ಅವನಿಗೆ ತಾಯಿಯಿರುತ್ತಾಳೆ, ವಿಚಾರಣೆಯ ಹಕ್ಕಿರುತ್ತದೆ, ಹೆಣ ಉಳಿಯುತ್ತದೆ. ಹೆಣವಿದ್ದರೆ ಅದನ್ನು ತೊಳೆಯುವವರು, ಹೊರುವವರು, ಅಳುವವರು ಬೇಕಾಗುತ್ತಾರೆ. ಬೂದಿಯಾದರೆ ಈ ಯಾವ ತೊಡಕೂ ಇಲ್ಲ. ಹೀಗಾಗಿ ಇಂತಹ ಚಿತ್ರಗಳ ಬಗ್ಗೆ ನನಗಿರುವ ಆಕ್ಷೇಪ ರಕ್ತದ ಕುರಿತಾದುದಲ್ಲ. ‘ಬ್ಲೇಡ್’ನ ಆರಂಭದಲ್ಲೇ ಮಾಳಿಗೆಯಿಂದ ರಕ್ತದ ಮಳೆ ಸುರಿಯುವ ದೃಶ್ಯವಿದೆ, ಅದನ್ನು ನೋಡಿ ಯಾರೂ ಕೊಲೆಗಾರರಾಗುವುದಿಲ್ಲ. ನನಗೆ ತೊಂದರೆ ಕೊಡುವುದು ಆ ಬೂದಿ.

ದುಷ್ಟನನ್ನು ಕೊಲ್ಲುವ ಕತೆ ನಮ್ಮಲ್ಲೂ ಹಳೆಯದೇ. ಆದರೆ ನಮ್ಮ ದುಷ್ಟನಿಗೆ ಮಾತಿದೆ. ಕರಾವಳಿಯ ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಗತ್ತು ನಾಯಕನಿಗೂ ಇರುವುದಿಲ್ಲ. ತಾಳಮದ್ದಳೆಯಲ್ಲಿ ರಾವಣನ ಅರ್ಥ ಹೇಳುವವರು ರಾಮನ ಅರ್ಥಧಾರಿಯನ್ನು ಪೇಚಿಗೆ ಸಿಲುಕಿಸಿದರೆ ಸಭೆಗೆ ಖುಷಿಯೋ ಖುಷಿ. ಹನ್ನೆರಡನೆಯ ಶತಮಾನದ ನಾಗಚಂದ್ರನ ರಾಮಾಯಣದಲ್ಲಿ ರಾವಣ ಪಶ್ಚಾತ್ತಾಪಪಡುತ್ತಾನೆ. ಬಿ.ಎಂ.ಶ್ರೀಯವರು ಅವನನ್ನು ದುರಂತ ನಾಯಕನೆಂದೇ ಗುರುತಿಸಿದರು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾ ವೈರಿಯ ಮಗ ಅಭಿಮನ್ಯುವಿನ ಶೌರ್ಯವನ್ನು ಮನಸಾರೆ ಹೊಗಳುತ್ತಾನೆ. ಇವರೆಲ್ಲ ಸಾಯುತ್ತಾರೆ, ಸಾಯಬೇಕಾದವರೇ ಸಾಯುತ್ತಾರೆ. ಆದರೆ ತಮ್ಮ ಮಾತನ್ನು ಹೇಳಿ ಸಾಯುತ್ತಾರೆ. ಇದಕ್ಕೆ ಪ್ರತಿಯಾಗಿ ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ‘ಡ್ರಾಕುಲಾ’ವನ್ನು ನೋಡಿ. ಇಡೀ ಕಾದಂಬರಿ ದಿನಚರಿ ಮತ್ತು ಪತ್ರಗಳ ರೂಪದಲ್ಲಿದೆ. ಅವನನ್ನು ಬೇಟೆಯಾಡುವವರೆಲ್ಲ ಬರೆಯುತ್ತಾರೆ. ಅವನ ಕೈಬರಹದ ದಿನಚರಿ ಒಂದು ಪುಟವೂ ಇಲ್ಲ.

ಇಲ್ಲಿ ಒಂದು ಸಂಗತಿಯನ್ನು ಹೇಳಬೇಕು. ರಕ್ತ ಕುಡಿಯುವವರು ಎಂಬ ಹೆಸರು ಮೊದಲು ಅಂಟಿದ್ದು ಸಿನಿಮಾದ ಪಿಶಾಚಿಗಳಿಗಲ್ಲ. ಮಧ್ಯಯುಗದ ಯುರೋಪಿನಲ್ಲಿ ಯಹೂದಿಯರು ಕ್ರೈಸ್ತ ಮಕ್ಕಳನ್ನು ಕೊಂದು ರಕ್ತ ತೆಗೆಯುತ್ತಾರೆಂಬ ವದಂತಿಗೆ ಅಸಂಖ್ಯ ಅಮಾಯಕರು ಬಲಿಯಾದರು. 1475ರಲ್ಲಿ ಇಟಲಿಯ ಟ್ರೆಂಟೋದಲ್ಲಿ ಹೀಗೆ ಸತ್ತ ಮಗುವೊಂದನ್ನು ಸಂತನಂತೆ ಆರಾಧಿಸಲಾಯಿತು. ಚರ್ಚ್ ಆ ಆರಾಧನೆಯನ್ನು ಕೈಬಿಟ್ಟದ್ದು 1965ರಲ್ಲಿ. ನಮ್ಮವರೆನ್ನುವವರ ಆಳ್ವಿಕೆಯಲ್ಲೂ ಇದು ನಡೆಯದೇ ಇರಲಿಲ್ಲ. 1840ರಲ್ಲಿ ಡಮಾಸ್ಕಸ್‌ನಲ್ಲಿ ಕ್ರೈಸ್ತ ಸನ್ಯಾಸಿಯೊಬ್ಬರು ಕಾಣೆಯಾದಾಗ ಅಲ್ಲಿನ ಯಹೂದಿಯರನ್ನು ಹಿಡಿದು, ಹಿಂಸಿಸಿ, ತಪ್ಪೊಪ್ಪಿಗೆ ಹೇಳಿಸಲಾಯಿತು. ಅದೇ ವರ್ಷ ಉಸ್ಮಾನೀ ಸುಲ್ತಾನ ಅಬ್ದುಲ್ ಮಜೀದ್, ಈ ಆರೋಪ ಶುದ್ಧ ಸುಳ್ಳೆಂದು ಫರ್ಮಾನು ಹೊರಡಿಸಬೇಕಾಯಿತು. ಪಿಶಾಚಿಯ ವೇಷ ಹೊಲಿದಿಟ್ಟಿದ್ದರೆ ಸಾಕು, ಅದನ್ನು ಯಾರಿಗೆ ಬೇಕಾದರೂ ತೊಡಿಸಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? 2014ರಲ್ಲಿ ಬಂದ ‘ಡ್ರಾಕುಲಾ ಅನ್‌ಟೋಲ್ಡ್’ ಎಂಬ ಚಿತ್ರ ಇದನ್ನೇ ತಿರುಗಿಸಿ ತೋರಿಸಿತು. ಅಲ್ಲಿ ಡ್ರಾಕುಲಾನಿಗೆ ಹೆಂಡತಿ, ಮಗ, ಕಣ್ಣೀರು ಎಲ್ಲವೂ ಇದೆ. ಅವನು ಒಬ್ಬನೇ ನುಗ್ಗಿ ಸಾವಿರಗಟ್ಟಲೆ ಕೊಲ್ಲುವ ಸುಲ್ತಾನನ ಸೈನಿಕರಿಗೆ ಮಾತ್ರ ಮುಖವೂ ಇಲ್ಲ, ಹೆಸರೂ ಇಲ್ಲ. ಪಿಶಾಚಿಗೆ ಮನುಷ್ಯತ್ವ ಬಂದ ಕೂಡಲೇ ಮನುಷ್ಯರು ಪಿಶಾಚಿಗಳ ಜಾಗಕ್ಕೆ ಹೋದರು.

ಇದು ಬರೀ ಸಿನಿಮಾ, ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ ಎಂದು ಓದುಗರು ಕೇಳಬಹುದು. ಭಯ ಮತ್ತು ಕರುಣೆಯನ್ನು ರಂಗದ ಮೇಲೆ ಕಂಡರೆ ಮನಸ್ಸು ಹಗುರಾಗುತ್ತದೆ ಎಂದು ಅರಿಸ್ಟಾಟಲನೂ ಹೇಳಿದ್ದಾನೆ. ನಮ್ಮ ನಾಟ್ಯಶಾಸ್ತ್ರ ರೌದ್ರ, ಭಯಾನಕ, ಬೀಭತ್ಸಗಳನ್ನು ರಸಗಳ ಸಾಲಿನಲ್ಲೇ ಇಟ್ಟಿದೆ. ಒಪ್ಪೋಣ. ಆದರೆ ಅರಿಸ್ಟಾಟಲನ ಮಾತಿನಲ್ಲಿ ಕರುಣೆಯೂ ಇದೆಯಲ್ಲವೇ? ಬೂದಿಯಾಗುವವನ ಮೇಲೆ ಕರುಣೆ ಬರುವುದು ಹೇಗೆ?

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಅರಸಿ ರಾಜಸ್ಥಾನದಿಂದ ಬಂದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರಿಗೆ ಅದೇ ಗತಿಯಾಯಿತು. ಅವರ ಜೊತೆಗಿದ್ದವರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣ. ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಹೊಡೆಯುವವರ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸಿದವರೂ ಇದ್ದರು. ಇವರಲ್ಲಿ ಯಾರೂ ‘ಬ್ಲೇಡ್’ ನೋಡಿರಲಿಕ್ಕಿಲ್ಲ, ಸಿನಿಮಾದಿಂದ ಹೀಗಾಯಿತೆಂದು ಹೇಳುವುದು ಮೂರ್ಖತನ. ಆದರೆ ಅವರ ಮನಸ್ಸಿನಲ್ಲಿ ಓಡಿದ ತರ್ಕ ಆ ಹುಡುಗನ ಉತ್ತರಕ್ಕಿಂತ ಎಷ್ಟು ಭಿನ್ನ? ಮಕ್ಕಳನ್ನು ಕದಿಯುವವನು ಮನುಷ್ಯನೇ ಅಲ್ಲ. ಮನುಷ್ಯನಲ್ಲದ ಮೇಲೆ ಅವನ ಹೆಸರು, ಊರು ಕೇಳುವುದೇಕೆ?

ಮನುಷ್ಯನಲ್ಲದ್ದನ್ನು ಕೊಲ್ಲುವುದು ರಾಮನಗರಕ್ಕೆ ಹೊಸದಲ್ಲ ಎಂದು ಯಾರಾದರೂ ಹಾಸ್ಯ ಮಾಡಿಯಾರು. ಗೂಡಿನ ಮಾರುಕಟ್ಟೆಯಿಂದ ತಂದ ರೇಷ್ಮೆಗೂಡನ್ನು ಒಳಗಿನ ಹುಳು ಸಮೇತ ಬಿಸಿನೀರಿನಲ್ಲಿ ಬೇಯಿಸಿಯೇ ನೂಲು ಬಿಚ್ಚಬೇಕು. ಚಿಟ್ಟೆ ಹೊರಬಂದರೆ ನೂಲು ತುಂಡಾಗುತ್ತದೆ. ಗಂಡಸರಿಗೆ ರೇಷ್ಮೆ ಉಡುವುದು ನಿಷಿದ್ಧವೆನ್ನುವ ಸಮುದಾಯದವರೇ ಇಲ್ಲಿನ ರೀಲರ್‌ಗಳಲ್ಲಿ ಅನೇಕರು ಎಂಬುದು ಇನ್ನೊಂದು ತಮಾಷೆ. ಆದರೆ ಆವಿ ತುಂಬಿದ ಆ ಕೋಣೆಯಲ್ಲಿ ನಿಂತು ಕೈಬೆರಳು ಬೆಂದವರಲ್ಲಿ ಯಾರೂ ಹುಳುವನ್ನು ರಾಕ್ಷಸನೆಂದು ಕರೆದದ್ದು ನನಗೆ ಗೊತ್ತಿಲ್ಲ. ಹೊಟ್ಟೆಪಾಡಿಗಾಗಿ ಕೊಲ್ಲುವವನಿಗೆ ಕೊಲ್ಲಲ್ಪಡುವುದರ ಮೇಲೆ ದ್ವೇಷ ಬೇಕಾಗಿಲ್ಲ. ದ್ವೇಷ ಬೇಕಾಗುವುದು ಕೊಲ್ಲುವುದನ್ನು ಸಂತೋಷವಾಗಿ ನೋಡಬೇಕಾದಾಗ.

ಇನ್ನು ನಿಜವಾದ ರಕ್ತಪಾನಿಗಳ ವಿಷಯ. ರಕ್ತ ಕುಡಿಯುವ ಬಾವಲಿಗಳು ಲ್ಯಾಟಿನ್ ಅಮೆರಿಕದಲ್ಲಿ ಮಾತ್ರ ಇವೆ, ನಮ್ಮ ಆಲದ ಮರದ ಬಾವಲಿಗಳಿಗೆ ಹಣ್ಣು ಸಾಕು. ಗೆರಾಲ್ಡ್ ವಿಲ್ಕಿನ್ಸನ್ ಎಂಬ ವಿಜ್ಞಾನಿ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ರಾತ್ರಿ ಆಹಾರ ಸಿಗದೆ ಹಸಿದು ಬಂದ ಜೊತೆಗಾರನಿಗೆ ಹೊಟ್ಟೆ ತುಂಬಿದ ಬಾವಲಿ ತಾನು ಕುಡಿದುದನ್ನೇ ಕಕ್ಕಿ ಕೊಡುತ್ತದೆ. ಗಬ್ಬರ್‌ನ ಬೀಡಾಗಿದ್ದ ಬೆಟ್ಟದಲ್ಲಿ ಇನ್ನೊಂದು ಅಪಕೀರ್ತಿಯ ಜೀವಿಯಿದೆ. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಹೆಣದ ಮೇಲೆ ಕೂರುವ ಈ ಹಕ್ಕಿಯನ್ನು ನಾವು ಕ್ರೌರ್ಯದ ಸಂಕೇತವಾಗಿಸಿದೆವು. ಅದು ಕೊಲ್ಲುವ ಹಕ್ಕಿಯೇ ಅಲ್ಲ, ಸತ್ತದ್ದನ್ನು ತಿಂದು ಊರನ್ನು ಚೊಕ್ಕಟವಾಗಿಡುವ ಹಕ್ಕಿ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸಿ, 1990ರ ದಶಕದಿಂದೀಚೆಗೆ ದೇಶದಲ್ಲಿ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ನಾಶವಾದವು. ಆ ಔಷಧವನ್ನು ಜಾನುವಾರುಗಳಿಗೆ ನಿಷೇಧಿಸಿದ್ದು 2006ರಲ್ಲಿ. ಸಾವಿನ ಸಂಕೇತವೆಂದು ನಾವು ಹೆದರುತ್ತಿದ್ದ ಹಕ್ಕಿ ನಮ್ಮ ಮದ್ದಿನಿಂದ ಸತ್ತಿತು.

ಪಿಶಾಚಿ ಚಿತ್ರಗಳೆಲ್ಲ ಒಂದೇ ತೂಕದವು ಎಂದೂ ನಾನು ಹೇಳುವುದಿಲ್ಲ. 2003ರಲ್ಲಿ ಆರಂಭವಾದ ‘ಅಂಡರ್‌ವರ್ಲ್ಡ್’ ಸರಣಿಯಲ್ಲಿ ಸೆಲೀನ್ ಎಂಬ ಪಿಶಾಚಿ ಯುವತಿ ತನ್ನ ಕುಟುಂಬವನ್ನು ಕೊಂದವರೆಂದು ತೋಳಮಾನವರನ್ನು ಶತಮಾನಗಳ ಕಾಲ ಬೇಟೆಯಾಡುತ್ತಾಳೆ. ಕೊನೆಗೆ ತಿಳಿಯುತ್ತದೆ, ಕೊಂದವನು ತನ್ನನ್ನು ಮಗಳಂತೆ ಸಾಕಿದ ತನ್ನದೇ ಕುಲದ ಹಿರಿಯ. ಇಡೀ ಯುದ್ಧದ ಮೂಲ, ಎರಡೂ ಕುಲಗಳ ನಡುವಿನ ಒಂದು ಪ್ರೇಮವನ್ನು ಸಹಿಸದೆ ಅವನು ಸ್ವಂತ ಮಗಳಿಗೇ ಕೊಟ್ಟ ಮರಣದಂಡನೆ. ಮರ್ಯಾದೆಯ ಹೆಸರಿನಲ್ಲಿ ಮಗಳನ್ನು ಕೊಲ್ಲುವ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವ ನಮಗೆ ಈ ಕತೆ ಅಷ್ಟೇನೂ ವಿದೇಶಿಯಲ್ಲ. ಗುಂಡಿನ ಸದ್ದು ಕಡಿಮೆಯಿದ್ದಿದ್ದರೆ ಅದು ಇನ್ನಷ್ಟು ಜನರಿಗೆ ಕೇಳಿಸುತ್ತಿತ್ತೇನೋ.

‘ಶೋಲೆ’ಯೂ ನಿರ್ದೋಷಿಯಲ್ಲ. ಗಬ್ಬರ್‌ನ ಗುಂಪಿನಲ್ಲಿ ಕಾಲಿಯಾ, ಸಾಂಬಾ ಎಂಬಿಬ್ಬರನ್ನು ಬಿಟ್ಟರೆ ಉಳಿದವರ ಹೆಸರೂ ನಮಗೆ ತಿಳಿಯದು. ಕುದುರೆಯಿಂದ ಉರುಳುವುದಷ್ಟೇ ಅವರ ಪಾತ್ರ. ಆದರೆ ಅಲ್ಲಿ ಅಹ್ಮದ್‌ನ ಹೆಣ ಊರಿಗೆ ಬರುತ್ತದೆ. ಕಣ್ಣು ಕಾಣದ ಇಮಾಮ್ ಸಾಹೇಬರು ಊರು ಯಾಕೆ ಇಷ್ಟು ಮೌನವಾಗಿದೆ ಎಂದು ಕೇಳುತ್ತಾ ಬರುತ್ತಾರೆ, ಕೈಯಿಂದ ತಡವಿ ಮಗನನ್ನು ಗುರುತಿಸುತ್ತಾರೆ. ಜಬಲ್‌ಪುರದ ಬೀಡಿ ಕಾರ್ಖಾನೆಗೆ ದುಡಿಯಲು ಹೊರಟಿದ್ದ ಹುಡುಗ. ಹೆದರಿದ ಊರಿನವರು ಜೈ ಮತ್ತು ವೀರೂವನ್ನು ಗಬ್ಬರ್‌ಗೆ ಒಪ್ಪಿಸೋಣವೆಂದಾಗ ಒಪ್ಪದವರು, ಎಲ್ಲರಿಗಿಂತ ಹೆಚ್ಚು ಕಳೆದುಕೊಂಡ ಈ ವೃದ್ಧರು. ಸೇಡು ತೀರಿಸಿಕೊಡಿ ಎಂದೂ ಅವರು ಕೇಳುವುದಿಲ್ಲ. ಬಾಂಗ್ ಕೇಳಿಸುತ್ತದೆ, ಎದ್ದು ಮಸೀದಿಯ ಕಡೆ ಹೊರಡುತ್ತಾರೆ. ಎ.ಕೆ. ಹಂಗಲ್ ಅದನ್ನು ಅಭಿನಯಿಸಿದ ರೀತಿಯನ್ನು ಐವತ್ತು ವರ್ಷಗಳಾದರೂ ಜನ ಮರೆತಿಲ್ಲ.

ಯಹೂದಿಯೊಬ್ಬನ ಶವಯಾತ್ರೆ ಹಾದುಹೋಗುವಾಗ ಪ್ರವಾದಿಯವರು(ಸ) ಎದ್ದು ನಿಂತ ಪ್ರಸಂಗ ಬುಖಾರಿಯಲ್ಲಿ ವರದಿಯಾಗಿದೆ. ಅದು ಯಹೂದಿಯ ಶವವೆಂದು ಸಂಗಾತಿಗಳು ತಿಳಿಸಿದಾಗ, ಅದೂ ಒಂದು ಜೀವವಲ್ಲವೇ ಎಂಬ ಅರ್ಥದಲ್ಲಿ ಮರುಪ್ರಶ್ನೆ ಕೇಳಿದರು. ಎದ್ದು ನಿಲ್ಲಬೇಕಾದರೆ ಕಣ್ಣೆದುರು ಒಂದು ಶವವಾದರೂ ಇರಬೇಕಲ್ಲ.

ಹಾಗೆಂದು ಚನ್ನಪಟ್ಟಣದ ಆ ಪೆಟ್ಟಿಗೆಯನ್ನು ಬೆಂಕಿಗೆ ಹಾಕಬೇಕೆಂದು ನಾನು ಹೇಳಲಾರೆ. ಕತ್ತರಿಯಿಂದ ಏನಾಗುತ್ತದೆ ಎಂಬುದಕ್ಕೆ ‘ಶೋಲೆ’ಯೇ ಉದಾಹರಣೆ. ಕಾನೂನಿನ ಪರವಾಗಿ ಸೆನ್ಸಾರ್ ಮಂಡಳಿ ಹೇಳಿದ್ದು ತತ್ವದಲ್ಲಿ ತಪ್ಪೇನಲ್ಲ. ಗುಂಪುಹತ್ಯೆಗಳನ್ನು ಕಂಡ ಮೇಲಂತೂ ಆ ಪೊಲೀಸರ ಮಾತಿಗೆ ತೂಕ ಹೆಚ್ಚಿದೆ. ಆದರೆ ಕೊಲೆಯನ್ನು ಕತ್ತರಿಸುವಾಗ ಅದರ ಜೊತೆಗೆ ಇನ್ನೊಂದು ತುಣುಕೂ ಹೋಯಿತು. ಮೂಲ ಅಂತ್ಯದಲ್ಲಿ ಗಬ್ಬರ್ ಸತ್ತು ಬಿದ್ದಾಗ ಠಾಕೂರ್ ನಗುವುದಿಲ್ಲ, ಜಯಘೋಷವೂ ಇಲ್ಲ. ಇಡೀ ಕುಟುಂಬವನ್ನು ಕೊಂದವನ ಹೆಣ ಎದುರಿಗಿರುವಾಗ ಅವನು ಬಿಕ್ಕಿ ಬಿಕ್ಕಿ ಅಳುತ್ತಾನೆ. ವೀರೂ ಬಂದು ಅವನನ್ನು ಹಿಡಿದುಕೊಳ್ಳುತ್ತಾನೆ, ಏಕೆಂದರೆ ಕಣ್ಣೊರೆಸಿಕೊಳ್ಳಲು ಠಾಕೂರ್‌ಗೆ ಕೈಗಳಿಲ್ಲ.